ಪಕ್ಕದ ಸೀಟಿಲ್ಲದ ಕಾರು

ಮಾರ್ಚ್ 3, ಬೆಳಿಗ್ಗೆ 6.40

ಹಲ್ಲುಜ್ಜುತ್ತಿದ್ದೆ. ಬಾತ್‌ರೂಮ್ ಬಾಗಿಲಾಚೆ ನಿಂತು ಗಂಡ ಓದುತ್ತಿದ್ದ: "ನೂರು ಮೀಟರ್, ಬಲಕ್ಕೆ ತಿರುವು, ಬರ್ತಾ ಬರ್ತಾ ಬಿಗಿ." ಬಾಯ್ತುಂಬ ನೊರೆ. "ಹ್ಞೂಂ" ಅಂದೆ. "ಹ್ಞೂಂ ಅಲ್ಲ ಕಣೇ, ಯಾವ ಗೇರು ಹೇಳು!"

ಮದುವೆಯಾಗಿ ಇಪ್ಪತ್ತೆರಡು ದಿನ. ನಮ್ಮ ಹನಿಮೂನ್ ಇದು. ನನ್ನಷ್ಟು ಲಕ್ಕಿ ಯಾರೂ ಇಲ್ಲ, ಪ್ರಾಮಿಸ್.

ಆರು ವರ್ಷ ಮಣ್ಣುರಸ್ತೆಯ ಕಾರ್ ರ‍್ಯಾಲಿಯಲ್ಲಿ ನಾನು ಸ್ಟೀರಿಂಗ್ ಹಿಡಿದೆ, ಪಕ್ಕದ ಸೀಟಿನಲ್ಲಿ ಇವನು ಮುಂದಿನ ತಿರುವುಗಳ ನೋಟ್ಸ್ ಓದಿದ. ಕಣ್ಣಿಗೆ ಕಾಣದ ತಿರುವೆಲ್ಲ ಇವನ ಬಾಯಿಂದಲೇ ಮೊದಲು ಗೊತ್ತಾಗುತ್ತಿತ್ತು. ಅದಕ್ಕೇ ಎಲ್ಲರೂ ಇವನನ್ನು "ಮೇಷ್ಟ್ರು" ಅನ್ನುವುದು. ಮೂರು ಸಲ ಚಾಂಪಿಯನ್ ಆದೆವು. ಪೇಪರಿನಲ್ಲಿ ನನ್ನದು ದೊಡ್ಡ ಫೋಟೋ, ಇವನದು ಅರ್ಧ ಕಿವಿ. ಒಂದು ದಿನವೂ ಮುಖ ಊದಿಸಿಕೊಂಡವನಲ್ಲ.

ಈಗ ರ‍್ಯಾಲಿ ಟೀಮ್ ಮುಚ್ಚಿತು. ಸರ್ಕ್ಯೂಟ್ ರೇಸಿಂಗ್ ಟೀಮೊಂದು ಮೂರು ದಿನದ ಟೆಸ್ಟ್ ಕೊಟ್ಟಿದೆ. ಒಂದು ನಿಮಿಷ ನಲವತ್ತೆಂಟು ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸಿದರೆ ಇಡೀ ಸೀಸನ್ ನನ್ನದು. ಇಲ್ಲದಿದ್ದರೆ ಮನೆಗೆ. ಆ ಕಾರಿನಲ್ಲಿ ಇರುವುದು ಒಂದೇ ಸೀಟು. ಅದಕ್ಕೇ ಇವನು ನಿನ್ನೆ ಟ್ರ್ಯಾಕ್ ಪೂರ್ತಿ ನಾಲ್ಕು ಸಲ ನಡೆದು, ಹದಿನಾಲ್ಕು ತಿರುವಿಗೂ ನೋಟ್ಸ್ ಬರೆದು ತಂದ. ನಾನು ಬಾಯಿಪಾಠ ಮಾಡಬೇಕಂತೆ. ಪಾಪ, ಕಾಲಲ್ಲಿ ಬೊಬ್ಬೆ! ಒಂದು ಲವ್ ಲೆಟರ್ ಕೂಡ ಬರೆಯದವನು...

ಮಾರ್ಚ್ 5, ಮಧ್ಯಾಹ್ನ

ಮೊದಲ ಟೆಸ್ಟ್. 1:51.9.

ಟೀಮ್ ಮ್ಯಾನೇಜರ್ ಮೇಡಂ ಬಯ್ಯಲೂ ಇಲ್ಲ. "ಚಾಂಪಿಯನ್ನೇ, ಇದು ಮಣ್ಣಲ್ಲ. ಹಿಂದಿನ ಚಕ್ರ ಜಾರಿಸ್ಬೇಡಿ. ನೋಡೋಕೆ ಚೆಂದ, ಗಡಿಯಾರ ಒಪ್ಪಲ್ಲ" ಅಂದರು. ಎಷ್ಟು ಒಳ್ಳೆಯವರು!

ಅತ್ತೆ ಫೋನ್ ಮಾಡಿದ್ದರು. "ಅಲ್ಲಿ ಸುತ್ತಿದಲ್ಲೇ ಸುತ್ತೋದಂತೆ? ಸದ್ಯ, ದಾರಿ ತಪ್ಪೋ ಭಯ ಇಲ್ಲ ಬಿಡು." ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

ಮಾರ್ಚ್ 6, ಸಂಜೆ 5.00

1:49.6. ಜಾರಿಸುವುದು ಬಿಟ್ಟೆ. ಆದರೂ ಸಾಲದು. ನಾಳೆ ಕೊನೆಯ ದಿನ.

ಎಂಜಿನಿಯರ್ ಕಂಪ್ಯೂಟರಿನಲ್ಲಿ ನನ್ನ ವೇಗದ ಗೆರೆ ತೋರಿಸಿದರು. ಪ್ರತಿ ತಿರುವಿಗೂ ಮುಂಚೆ ಸಣ್ಣ ತಗ್ಗು. ಬ್ರೇಕಿಗೆ ಮೊದಲೇ ಆಕ್ಸಿಲರೇಟರಿನಿಂದ ನನ್ನ ಕಾಲು ಏಳುತ್ತಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ! "ಏನಕ್ಕೆ ಕಾಯ್ತಿದೀರಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ಸುಳ್ಳು. ಹೆಲ್ಮೆಟ್ಟಿನೊಳಗೆ ಮೇಷ್ಟ್ರು ಓದುತ್ತಿರುತ್ತಾನೆ. ಅವನ ಮಾತು ಮುಗಿಯಲಿ ಎಂದು ಕಾಯುತ್ತೇನೆ. ತಿರುವು ಕಣ್ಣೆದುರೇ ಇದೆ, ನಾನು ಇನ್ನೂ ಕಿವಿಯಿಂದ ಓಡಿಸುತ್ತಿದ್ದೇನೆ.

ಹೇಗೆ ಹೇಳಲಿ? ಬೊಬ್ಬೆ ಇನ್ನೂ ಒಣಗಿಲ್ಲ. ಮಂಚದ ಮೇಲೆ ಕುಳಿತು ಒಂಬತ್ತನೇ ತಿರುವನ್ನು ತಿದ್ದುತ್ತಿದ್ದಾನೆ.

ಅದೇ ದಿನ, 6.15

ಹೇಳಿಬಿಟ್ಟೆ. ಅಳುತ್ತಲೇ. "ನಿನ್ನ ನೋಟ್ಸಿಂದ್ಲೇ ಸ್ಲೋ ಆಗ್ತಿದೀನಿ ಕಣೋ."

ಪೆನ್ನಿಗೆ ಕ್ಯಾಪ್ ಹಾಕಿದ.

"ಅಂದ್ರೆ ಮೇಷ್ಟ್ರಿಗೆ ರಿಟೈರ್ಮೆಂಟು."

"ಹಾಗಲ್ಲ..."

"ಹಾಗೇನೇ. ಮೂಗು ಒರೆಸ್ಕೋ ಮೊದ್ಲು." ಆಮೇಲೆ ಕಿಟಕಿ ಕಡೆ ನೋಡುತ್ತಾ ಹೇಳಿದ: "ಆರು ವರ್ಷ ತಲೆ ಬಗ್ಗಿಸ್ಕೊಂಡು ಓದಿದೀನಿ. ಕಣ್ಣೆತ್ತಿದ್ರೆ ಸಾಲು ತಪ್ಪುತ್ತೆ. ನೀನು ಓಡ್ಸೋದನ್ನ ಸರಿಯಾಗಿ ಒಂದ್ಸಲಾನೂ ನೋಡಿಲ್ಲ, ಗೊತ್ತಾ? ನಾಳೆ ಬೇಲಿ ಹತ್ರ ನಿಂತ್ಕೋತೀನಿ."

ನನಗಿದು ಹೊಳೆದೇ ಇರಲಿಲ್ಲ. ಆರು ವರ್ಷ!

ಮಾರ್ಚ್ 7, ಮಧ್ಯಾಹ್ನ 12.30

1:47.8!!!

ಮೊದಲ ಸುತ್ತುಗಳಲ್ಲಿ ಅದೇ ದನಿ, ಅದೇ ತಗ್ಗು. ಆಮೇಲೆ ನಾನೇ ಜೋರಾಗಿ ಮಾತಾಡತೊಡಗಿದೆ. "ನೋಡು, ಇಲ್ಲಿ ಬ್ರೇಕು. ಈಗ ನೋಡು, ಒಳಗೆ ಬಿಟ್ಟೆ. ನೋಡಿದ್ಯಾ!" ಅವನಿಗೆ ತೋರಿಸುತ್ತಾ ಹೋದಂತೆ ಅವನ ದನಿಗೆ ಜಾಗವೇ ಉಳಿಯಲಿಲ್ಲ. ಹೆಬ್ಬೆರಳು ಸ್ಟೀರಿಂಗಿನ ರೇಡಿಯೋ ಬಟನ್ ಮೇಲಿದ್ದದ್ದು ಆಮೇಲೆ ತಿಳಿಯಿತು. ಇಡೀ ಗ್ಯಾರೇಜ್ ಕೇಳಿಸಿಕೊಂಡಿದೆ. "ಸಂಸಾರ ಚೆನ್ನಾಗಿದೆ" ಅಂದರು ಎಂಜಿನಿಯರ್. ಮೇಡಂ ಕೈ ಕುಲುಕಿದರು: "ಸೀಟು ನಿಮ್ದು." ಟೈರ್ ಹಾಕುವವರಿಂದ ಗೇಟ್ ಕಾಯುವವರ ತನಕ ಎಲ್ಲರಿಗೂ ಥ್ಯಾಂಕ್ಸ್ ಹೇಳಿದೆ. ಕೆಲವರಿಗೆ ಎರಡು ಸಲ.

ಬೇಲಿಗೆ ಓಡಿದೆ. "ಹೇಗಿತ್ತೋ?" ತಂತಿ ನಡುವೆ ಬೆರಳು ತೂರಿಸಿ ನನ್ನ ಗ್ಲೌಸ್ ಹಿಡಿದುಕೊಂಡ, ಅಷ್ಟೇ.

ಮಾರ್ಚ್ 29, ಬೆಳಿಗ್ಗೆ 9.50

ಮೂರು ವಾರ ಬರೆದಿಲ್ಲ. ಖುಷಿಯಲ್ಲಿ ಪುರುಸೊತ್ತೆಲ್ಲಿ!

ಇವತ್ತು ಮೊದಲ ರೇಸ್. ಹನ್ನೊಂದನೇ ಜಾಗದಿಂದ ಹೊರಡಬೇಕು. ರ‍್ಯಾಲಿಯಲ್ಲಿ ಒಂದೊಂದೇ ಕಾರು ಬಿಡುತ್ತಿದ್ದರು. ಇಲ್ಲಿ ಮುಂದೆ ಹತ್ತು, ಹಿಂದೆ ಒಂಬತ್ತು. ಹೆದರಿಕೆ ಇದೆ — ಒಳ್ಳೆಯ ಹೆದರಿಕೆ. ಅತ್ತೆ ಬಂದಿದ್ದಾರೆ, ಕಿವಿಗೆ ಹತ್ತಿ ಇಟ್ಟುಕೊಂಡು ಕಂಡವರಿಗೆಲ್ಲ ಕಿರುಚುತ್ತಿದ್ದಾರೆ: "ಆ ಹಳದಿ ಕಾರು ನಮ್ಮ ಸೊಸೇದು!" ಗ್ಯಾರೇಜಿನಲ್ಲಿ ಕುರ್ಚಿ ಕೊಟ್ಟರೂ ಇವನು ಒಲ್ಲೆ ಎಂದು ಬೇಲಿಯ ಬಳಿಗೆ ಹೋಗಿದ್ದಾನೆ. ಟಿವಿಯಲ್ಲಿ ನೋಡಿದರೆ ನೋಡಿದಂತಲ್ಲವಂತೆ.

ಕರೆಯುತ್ತಿದ್ದಾರೆ. ಗ್ಲೌಸ್ ಹಾಕಿದರೆ ಬರೆಯಲಾಗದು. ಒಂದೇ ಸಾಲು — ಇವರೆಲ್ಲ ನನಗೆ ಸಿಕ್ಕಿದ್ದಕ್ಕೆ ನಾನು...