ನನ್ನ ಮಣಿಕಟ್ಟಿನ ಐದು ದಿನ

ಮಾರ್ಚ್ 3, ಬೆಳಿಗ್ಗೆ 11

'ಸಂಜೆಯೆಂದರೆ ಹಗಲಿನ ತವರು' – ಹೀಗೊಂದು ಸಾಲು. ತವರೋ, ತೀರವೋ? ಎಂ.ಎ. ಓದುವಾಗ ಯಾರದೋ ನೋಟ್ಸಿನ ಅಂಚಿನಲ್ಲಿ ಕಂಡದ್ದು. ತವರೇ ಆಗಿದ್ದರೆ ಸಂಜೆಯಾಗುತ್ತಲೇ ಅಮ್ಮ ಯಾಕೆ ಇಷ್ಟು ಹೆದರುತ್ತಾಳೆ? ಬರೆದವರು ಸಂಜೆಯನ್ನು ಕಿಟಕಿಯಿಂದ ನೋಡಿರಬೇಕು.

ಅಮ್ಮ ಈಗ ಮಲಗಿದ್ದಾಳೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಪರದೆ ಸರಿಸಿದೆ, ಅವಳನ್ನು ಅಲುಗಾಡಿಸಿದೆ... ಊಹೂಂ. ಬೆಳಗಿನ ಬೆಳಕು ಕಣ್ಣಿಗೆ ಬೀಳಲೇಬೇಕು ಎಂದಿದ್ದಾರೆ ಡಾಕ್ಟರ್. ಹಗಲು ರಾತ್ರಿಯನ್ನು ಬೇರ್ಪಡಿಸುವ ಗಡಿಯಾರವೊಂದು ಮಿದುಳಿನಲ್ಲೇ ಇದೆಯಂತೆ. ವಯಸ್ಸಾದಂತೆ ಸಡಿಲವಾಗುತ್ತದೆ, ಮರೆವಿನ ಕಾಯಿಲೆಯಲ್ಲಿ ಕೆಟ್ಟೇ ಹೋಗುತ್ತದೆ. ಯಾವುದು ಮೊದಲು ಕೆಡುವುದು, ಗಡಿಯಾರವೋ ನೆನಪೋ ಎಂದು ಕೇಳಿದೆ. ತಮಗೂ ಸರಿಯಾಗಿ ಗೊತ್ತಿಲ್ಲ ಎಂದರು.

ಅಮ್ಮನ ಕೈಗೆ ವಾಚಿನಂಥದ್ದೊಂದನ್ನು ಕಟ್ಟಿ ಕಳಿಸಿದ್ದಾರೆ. ಮುಳ್ಳಿಲ್ಲ, ಅಂಕಿಯಿಲ್ಲ. ಕೈಯ ಅಲುಗಾಟವನ್ನಷ್ಟೇ ದಾಖಲಿಸುತ್ತದೆ. ಎರಡು ವಾರ ಬಿಚ್ಚುವಂತಿಲ್ಲ. ಬಿಚ್ಚಿದರೆ ಮತ್ತೆ ಮೊದಲಿನಿಂದ. ಅದನ್ನು ನೋಡಿಯೇ ಮಾತ್ರೆ.

ಮಾರ್ಚ್ 5, ಸಂಜೆ 6.40

ಐದೂವರೆಗೆ ಅಮ್ಮನಿಗೆ ಶುರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈಗ ಮಂಚದ ತಲೆಕಡೆಯ ಹಲಗೆಯೇ ಬೋರ್ಡು. ಹೊದಿಕೆಯ ಅಂಚನ್ನು ಲೈನಿನ ತಂತಿಯಂತೆ ಹುರಿ ಮಾಡಿ ಸಂದಿಗೆ ಚುಚ್ಚುತ್ತಾಳೆ. ಆ ಕಡೆಯಿಂದ ಯಾರೂ ಮಾತಾಡುವುದಿಲ್ಲ. ಅಳು.

'ಬಾಯಿ ನೋಡ್ತಾ ಕೂತಿದೀಯಲ್ಲೇ ಹೊಸಬಳೇ, ಲೈನ್ ಕೊಡು. ಯಾರದೋ ಮನೇಲಿ ಸಾವಾಗಿದೆ.'

ಕೊಟ್ಟೆ ಎಂದೆ.

'ಸುಳ್ಳು ಹೇಳ್ಬೇಡ. ಬೋರ್ಡಿನ ದೀಪ ಹತ್ತಿಲ್ಲ.'

ಮಾರ್ಚ್ 12

ಬೆಳಿಗ್ಗೆ ವಾಚನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿಬಿಟ್ಟಿದ್ದಾಳೆ. ಮತ್ತೆ ಕಟ್ಟಲು ಹೋದರೆ ಕೈಕೋಳ ಎಂದು ಚೀರಿದಳು. ಚರ್ಮ ಕೆಂಪಾಗಿದೆ. ಒಂಬತ್ತು ದಿನ ನೀರಲ್ಲಿ ಹೋಮ ಮಾಡಿದಂತಾಯಿತು. ಇನ್ನೂ ಎರಡು ವಾರ ಮಾತ್ರೆಯಿಲ್ಲದೆ... ನನ್ನಿಂದಾಗದು.

ನಾನೇ ಕಟ್ಟಿಕೊಂಡೆ. ಉಳಿದಿರುವುದು ಐದೇ ದಿನ. ಏನು ತಪ್ಪು? ಒಂದೇ ಕೋಣೆ. ಅವಳೆದ್ದರೆ ನಾನೂ ಎದ್ದೆ. ಎರಡು ಮೈಗೆ ಒಂದೇ ದಿನ.

ಬರೆದ ಮೇಲೆ ಸಾಲು ಚೆನ್ನಾಗಿದೆ ಅನ್ನಿಸಿತು. ನನ್ನ ಹಣೆಬರಹವೇ ಇದು. ಸಾಲು ಚೆನ್ನಾಗಿದ್ದರೆ ನಿಜವೆಂದು ನಂಬಿಬಿಡುತ್ತೇನೆ.

ಮಾರ್ಚ್ 18

ಡಾಕ್ಟರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ದಿನಕ್ಕೊಂದು ಸಾಲು, ಕೈ ಅಲುಗಿದಲ್ಲೆಲ್ಲ ಕಪ್ಪು ಗೀಟು. ಮೊದಲ ಒಂಬತ್ತು ಸಾಲಿನಲ್ಲಿ ರಾತ್ರಿ ಅಲ್ಲಲ್ಲಿ ಹರಿದಿತ್ತು, ಆದರೂ ರಾತ್ರಿಯೇ. ಕೊನೆಯ ಐದರ ಮೇಲೆ ಪೆನ್ನಿನ ತುದಿ ನಿಂತಿತು.

'ಇಲ್ಲಿಂದಾಚೆ ನೋಡಿ. ಹಗಲ್ಯಾವ್ದು ರಾತ್ರಿ ಯಾವ್ದು ಅಂತ್ಲೇ ಗೊತ್ತಾಗಲ್ಲ. ಇಷ್ಟು ಬೇಗ ಹದಗೆಡುತ್ತೆ ಅಂದ್ಕೊಂಡಿರ್ಲಿಲ್ಲ ಮೇಡಂ.'

ಅದು ನನ್ನ ಕೈ. ಅಮ್ಮ ಮಲಗಿದ ಮೇಲೂ ಪುಸ್ತಕದ ಹಾಳೆ ತಿರುಗಿಸುತ್ತಿದ್ದ ಕೈ. ನಾಲ್ಕು ಗಂಟೆಗೆ ಟೀ ಕಾಯಿಸಿದ ಕೈ. ಮಧ್ಯಾಹ್ನವೆಲ್ಲ ಕುರ್ಚಿಯಲ್ಲಿ ಜೋತುಬಿದ್ದ ಕೈ. ಅಮ್ಮನೇ ನನಗಿಂತ ವಾಸಿ.

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಚೀಟಿ ಬರೆಯುತ್ತಿದ್ದರು – ಕೊಡಬೇಕೆಂದಿದ್ದು ಒಂದು ಮಾತ್ರೆ, ಈಗ ಎರಡು, ಸಂಜೆ ನಾಲ್ಕಕ್ಕೆ. ಎರಡಾದರೆ ಬೆಳಗಿನವರೆಗೂ ನಿದ್ದೆ ಬರುತ್ತದೆ ಎಂದರು.

ಯಾರಿಗೆ ಎಂದು ಅವರು ಹೇಳಲಿಲ್ಲ. ನಾನು ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ 19

ಅಮ್ಮ ಏಳಲಿಲ್ಲ, ನಾನೂ ಎಂಟು ಗಂಟೆ ಮಲಗಿದ್ದೆ. ಒಂದೇ ಸಮನೆ.

ಮಾರ್ಚ್ 27

ಸಂಜೆ ಅಳುವುದಿಲ್ಲ. ಹೊದಿಕೆ ಮಡಚಿಟ್ಟಲ್ಲೇ ಇರುತ್ತದೆ. ಚಮಚ ತುಟಿಗೆ ತಾಕಿದರೆ ಬಾಯಿ ತೆರೆಯುತ್ತಾಳೆ, ನುಂಗುವುದು ಮರೆಯುತ್ತಾಳೆ. ಬಚ್ಚಲಿಗೆ ಹೋಗಲು ನನ್ನ ಹೆಗಲೇ ಬೇಕು. ಹದಿನೈದು ದಿನದ ಹಿಂದೆ ಈ ಹೆಂಗಸು ವಾಚಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದಳು.

ನಾನ್ಯಾರಮ್ಮ ಎಂದು ಕೇಳಿದೆ. ಬೈಯಲಿ ಎಂದು ಕಾದೆ. ನನ್ನ ಕಡೆ ತಿರುಗಲೂ ಇಲ್ಲ.

ನಾಲ್ಕಕ್ಕೆ ಒಂದು ಮಾತ್ರೆಯನ್ನು ವಾಪಸ್ಸು ಡಬ್ಬಿಗೆ ಹಾಕಿದೆ. ಹಳೆಯ ರಾತ್ರಿಗಳು ನೆನಪಾದವು. ಮತ್ತೆ ತೆಗೆದೆ. ಕೊಟ್ಟೆ.

ಏಪ್ರಿಲ್ 2, ಸಂಜೆ 6

ನಿನ್ನೆ ಅಮ್ಮ ಬಚ್ಚಲ ಬಾಗಿಲಲ್ಲಿ ಕುಸಿದಳು. ಮೂಳೆಗೇನೂ ಆಗಿಲ್ಲ. 'ಅಯ್ಯೋ' ಎಂದೂ ಅನ್ನಲಿಲ್ಲ. ನೋವೂ ತಡವಾಗಿ ತಲುಪುತ್ತಿದೆಯೇನೋ.

ಇವತ್ತು ಮೂರು ಸಲ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಆ ಕಡೆ 'ಹಲೋ' ಎನ್ನುತ್ತಲೇ ಮೂರು ಸಲ ಇಟ್ಟೆ. ಆ ಐದು ದಿನ ಅಮ್ಮನದಲ್ಲ, ನನ್ನದು – ಇಷ್ಟೇ ಹೇಳಬೇಕಾದದ್ದು. ನಾಲ್ಕನೇ ಸಲ ಒತ್ತುವಾಗ ಬಾಗಿಲು ಸದ್ದಾಯಿತು.

ಪಕ್ಕದ ಮನೆಯಾಕೆ. ಕಣ್ಣ ಸುತ್ತ ಕಪ್ಪು. ಅವಳ ಅತ್ತೆಗೂ ಶುರುವಾಗಿದೆಯಂತೆ. ಹೊತ್ತು ಇಳಿದರೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರಂತೆ, ಹಿಡಿದರೆ ಹೊಡೆಯುತ್ತಾರಂತೆ. ಹೇಳುತ್ತಾ ಹೇಳುತ್ತಾ ನನ್ನ ಹೆಗಲ ಮೇಲಿಂದ ಒಳಗೆ ನೋಡಿದಳು. ಅಮ್ಮ ದಿಂಬಿಗೆ ಒರಗಿದ್ದಳು. ಬಾಯಿ ತೆರೆದಿತ್ತು.

'ಎಷ್ಟು ತಣ್ಣಗಿದಾರೆ ನಿಮ್ಮಮ್ಮ,' ಎಂದಳು. 'ಅಕ್ಕ, ಅವರಿಗೆ ಕೊಡೋ ಮಾತ್ರೆ ಹೆಸರು ಒಂಚೂರು ಬರ್ಕೊಡ್ತೀರಾ?'