ಹೊಟ್ಟಿನ ಗುಡ್ಡಿ ಮ್ಯಾಲಿನ ಹಿಮದಾಟ

ಅಕ್ಕಿಆಲೂರು
ಜನವರಿ 19, 2025, ರವಿವಾರ

ನೇತ್ರಾ, ನನ್ನವ್ವಾ,

ಹಂಗ ಹಲಗಿ ಮ್ಯಾಲೆ ನಿಲ್ಲೂದಂತೂ ಬಂತು, ತಿರುಗೂದು ಇನ್ನೂ ಬಂದಿಲ್ಲ ಅಂತ ನಿನ್ನೆ ಮನಸಿನೊಳಗ ನಿನಗ ಹೇಳಾಕತ್ತಿದ್ದೆ. ನೀ ಫೋನ್ ಎತ್ತೂದಿಲ್ಲ, ಅದಕ್ಕ ಇವತ್ತು ಕಾಗದಕ್ಕ ಇಳಸಾಕತ್ತೇನಿ. ಮೊದಲ ಹೇಳು, ಆರಾಮ ಅದಿಯಾ? ಆ ಥಂಡ್ಯಾಗ ಮೊಣಕಾಲು ನೋಯತಾವೇನು? ಅಳಿಯಂದಿರು ಹೆಂಗದಾರ? ನನ್ನ ಬಿ.ಪಿ. ಅಂಡರ್ ಕಂಟ್ರೋಲ್.

ವಿಷಯ ಏನಂದ್ರ, ಮನಾಲಿ ಆಚೆ ಸಿಸ್ಸು ಕೆರಿ ದಂಡಿಗೆ ನೀವಿಬ್ಬರೂ ಹಿಮದಾಗ ಹಲಗಿ ಮ್ಯಾಲೆ ಜಾರೂದನ್ನ ಕಲಸೋ ಸ್ನೋಬೋರ್ಡಿಂಗ್ ಕ್ಯಾಂಪಿಗೆ ನಾನೂ ಹೆಸರು ಹಚ್ಚೇನಿ. ಮಗಳ ಮನಿಗೆ ಬರ್ತೇನಿ ಅಂದ್ರ ನೀ ಬ್ಯಾಡ ಅಂತಿದ್ದಿ. ಗಿರಾಕಿಗೆ ಹೆಂಗ ಬ್ಯಾಡ ಅಂತಿ? ಕಂಪ್ಯೂಟರಿನ ಫಾರ್ಮಿನ್ಯಾಗ ಯಾಕ ಬರ್ತೀರಿ ಅಂತ ಇಂಗ್ಲಿಷಿನ್ಯಾಗ ಕೇಳಿತ್ತು. ಹಾನಗಲ್ಲ ಕಾಲೇಜಿನ್ಯಾಗ ಕಲಿತದ್ದು ರಜಾ ಅರ್ಜಿ ಒಂದ ನೆನಪೈತಿ, ಅದನ್ನ ಬರದೆ: 'ರೆಸ್ಪೆಕ್ಟೆಡ್ ಸರ್, ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್...' ಮುಂದ ಫೀವರ್ ಅಂತ ಬರೀಬೇಕು. ಜ್ವರ ಇಲ್ಲಲ್ಲ, ಅಲ್ಲಿಗೇ ಬಿಟ್ಟೆ. 'ವೆಲ್‌ಕಮ್ ಗೆಸ್ಟ್' ಅಂತ ತಿರುಗಿ ಬಂತು. ಮಷೀನು ಬರದದ್ದು, ಗೊತ್ತೈತಿ. ಆದ್ರೂ ಮೂರು ವರ್ಷದಾಗ ನಿಮ್ಮ ಕಡಿಂದ ಬಂದ ಮೊದಲ ಮಾತು ಅದು. ನಾಕ ಸಲ ಓದಿದೆ.

ನಮ್ಮೂರಾಗ ಹಿಮ ಎಲ್ಲಿಂದ ತರೂದು? ಬಂದೇಸಾಬನ ರೈಸ್ ಮಿಲ್ಲಿನ ಹಿಂದ ಭತ್ತದ ಹೊಟ್ಟಿನ ಗುಡ್ಡಿ ಐತಲ್ಲ, ಮಾಳಗಿ ಎತ್ತರ, ಅದರ ಮ್ಯಾಲಿಂದ ಜಾರತೇನಿ. ಹಳೇ ಬಾಗಲಾ ಕೊಯ್ಸಿ ಹಲಗಿ ಮಾಡೇನಿ, ಅದಕ್ಕ ಚಪ್ಪಲಿ ಬಡದು, ಕಾಲಿಗೆ ಸೈಕಲ್ ಟ್ಯೂಬು ಬಿಗೀತೇನಿ. ಮೂಗು, ಕಿವಿ, ಬನಿಯನ್ನು, ಎಲ್ಲಾ ಕಡೆ ಹೊಟ್ಟು. ಬಂದೇಸಾಬ ನಗತಾನ, 'ಏನ್ರೀ ಯಜಮಾನ್ರ, ಅರವತ್ತೇಳರಾಗ ಜಾರಬಂಡಿ ಹಚ್ಚೀರಿ? ಟೊಂಕ ಮುರದ್ರ ಚೀಲದಾಗ ತುಂಬಿ ಕಳಸ್ತೇನಿ ನೋಡ್ರಿ.' ಕಳಸಪಾ, ಮಗಳ ಅಡ್ರೆಸ್ಸಿಗೆ ಕಳಸು ಅಂದೆ. ಆಮ್ಯಾಲೆ ಅಂವ ನಗಲಿಲ್ಲ.

ನಿಮ್ಮವ್ವ ಹೋದ ದಿನದ ಸಿಟ್ಟು ನಿನಗಿನ್ನೂ ಐತಿ. ದಿಲ್ಲಿಯಿಂದ ವಿಮಾನ ಹಿಡದು, ಹುಬ್ಬಳ್ಳಿಗೆ ಇಳದು, ಟ್ಯಾಕ್ಸಿ ಮಾಡಿ ಬಂದಿ. ಅಷ್ಟರಾಗ ಮಣ್ಣು ಆಗಿತ್ತು. ಮುಖ ನೋಡಾಕ ಸಿಗಲಿಲ್ಲ, ಒಂದು ಮುಷ್ಟಿ ಮಣ್ಣು ಹಾಕಾಕೂ ಸಿಗಲಿಲ್ಲ. ಹೊತ್ತು ಮುಳಗೂದ್ರಾಗ ಮಾಡಬೇಕಂತ ನಿಮ್ಮ ಚೌಡಪ್ಪ ಕಾಕಾ ಅವಸರ ಮಾಡಿದ ಅಂತ ನಿನಗ ಹೇಳಿದೆ. ಅವತ್ತಿನಿಂದ ನೀ ಕಾಕಾನ ಕೂಡ ಮಾತಾಡಿಲ್ಲ. ಯಾಕ ತಡೀಲಿಲ್ಲ ಅಂತ ನನ್ನ ಕೂಡಾನೂ ಇಲ್ಲ.

ಫೆಬ್ರುವರಿ ನಾಕಕ್ಕ ಹುಬ್ಬಳ್ಳಿಯಿಂದ ರೈಲು. ಬ್ಯಾರೆಯವರಿಗೆ ಕಲಸಿದಂಗ ನನಗೂ ಕಲಸು. ಮಾತಾಡದಿದ್ರೂ ನಡೀತೈತಿ, ಬಿದ್ದಾಗ ಕೈ ಹಿಡದು ಎಬ್ಬಿಸಿದ್ರ ಸಾಕು. ನನಗ ಇಲ್ಲಿ ಹೊತ್ತು ಹೋಗವಲ್ದು, ನೇತ್ರಾ. ಇನ್ನೂ ಬರೀಬೇಕಂತ ಇತ್ತು, ಅಕ್ಷರ ಕಾಣವಲ್ವು, ಬೆಳಕು ಹೊಂಟೈತಿ.

ಇಬ್ಬರೂ ಬೆಚ್ಚಗ ಉಂಡು, ಬೆಚ್ಚಗ ಇರ್ರಿ.

ನಿನ್ನ ಅಪ್ಪ,
ಗುದ್ಲೆಪ್ಪ

ತಾ.ಕ.: ಚೌಡಪ್ಪನ ತಪ್ಪಿಲ್ಲ. 'ಹುಡುಗಿ ಹುಬ್ಬಳ್ಳಿ ದಾಟ್ಯಾಳಂತ, ತಡಿಯೋಣು, ಹೊತ್ತು ಮುಳುಗಿದ್ರ ಮುಳಗಲಿ' ಅಂದಾಂವ ಅಂವ. ಬ್ಯಾಡ ಅಂದಾಂವ ನಾನು. ನೀ ಅವ್ವನ ಮ್ಯಾಲೆ ಬಿದ್ದು ಅಳೂದನ್ನ ನೋಡೋ ಧೈರ್ಯ ನನಗ ಆಗಲಿಲ್ಲ. ಇದನ್ನ ಓದಿದ ಮ್ಯಾಲೆ ನಾ ಬರೂದು ಬ್ಯಾಡ ಅನಸಿದ್ರ ಬ್ಯಾಡ ಅನ್ನು. ಆದ್ರ ನಿಮ್ಮ ಕಾಕಾಗ ಇವತ್ತ ಫೋನ್ ಮಾಡವ್ವಾ. ನನ್ನ ಹೆಸರು ಹೇಳದ, ಅಂವ ಮೂರು ವರ್ಷ ನಿನ್ನ ಸಿಟ್ಟು ಹೊತ್ಕೊಂಡಾನ.