ತಣ್ಣಗಾದ ಮೂಲೆ

ಮಾರ್ಚ್ ೪, ಮಧ್ಯಾಹ್ನ
ಮಂಡಿಗೆ ಎಣ್ಣೆ ತಿಕ್ಕಿದ್ದಾಯಿತು. ರವಿಕೆಯ ತೋಳು ಬಿಗಿ. ದರ್ಜಿ ಅಂಗಡಿಗೆ ಹೋದೆ. ಪೇಪರ್ ಓದುತ್ತಿದ್ದ. "ಭೂಮಿ ಕಾಯ್ತಿದೆಯಂತೆ, ಅಜ್ಜಿ." ನಾನು ಬಿಡುವವಳೇ? "ನನ್ನ ಮೊಮ್ಮಗಳು ಓದ್ತಿರೋದೇ ಹಿಮದ ಲೆಕ್ಕ. ದಕ್ಷಿಣ ಧ್ರುವದಲ್ಲಿ ಒಂದು ಮೂಲೆ ಎಷ್ಟೋ ವರ್ಷ ತಣ್ಣಗಾಯ್ತು ಅಂತ ನಿನ್ನೆ ತಾನೇ ಹೇಳಿದ್ಳು. ಪೇಪರಿನವರಿಗೇನು ಗೊತ್ತು, ಮಣ್ಣು?" ಅಂಗಡಿಯಲ್ಲಿದ್ದವರೆಲ್ಲ ಬಾಯಿ ಬಿಟ್ಟು ಕೇಳಿದರು. ಖುಷಿಯಾಯಿತು. ಅವಳು ಆಮೇಲೆ ಇನ್ನೂ ಏನೋ ಹೇಳಿದ್ದಳು... ನನಗೆ ನಿದ್ದೆ ಹತ್ತಿತ್ತು.

ಮಾರ್ಚ್ ೯
ಲೈಬ್ರರಿಯಲ್ಲಿ ಮೊಮ್ಮಗಳ ಮೊದಲ ಭಾಷಣ. ಮುಂದಿನ ಸಾಲಲ್ಲಿ ಕೂತೆ. ಭೂಮಿಯ ಬಿಸಿ ಏರಿದ ಗೆರೆಯನ್ನು ಪರದೆ ಮೇಲೆ ತೋರಿಸುತ್ತಿದ್ದಳು. ದರ್ಜಿ ಎದ್ದ. "ಮನೇಲಿ ಭೂಮಿ ತಣ್ಣಗಾಗ್ತಿದೆ ಅಂತೀರಂತೆ, ಇಲ್ಲಿ ಬೇರೆ ರಾಗ? ನಿಮ್ಮಜ್ಜೀನೇ ಸಾಕ್ಷಿ." ಜನ ನಕ್ಕರು. ಅವಳು ನನ್ನ ಕಡೆ ನೋಡಿದಳು. ನಾನು ಚೀಲದಲ್ಲಿ ಕನ್ನಡಕ ಹುಡುಕಿದೆ. ಕನ್ನಡಕ ಮೂಗಿನ ಮೇಲೇ ಇತ್ತು.
ಅವಳು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು.

ಮಾರ್ಚ್ ೧೦
ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಾನೇ ಕೆದಕಿದೆ.
"ಅಜ್ಜಿ, ಜ್ವರ ಬಂದೋರಿಗೆ ಒಂದ್ ಗಳಿಗೆ ಮೈ ತಣ್ಣಗಾದ್ರೆ ವಾಸಿ ಆಯ್ತು ಅಂತೀಯಾ? ಧ್ರುವದಲ್ಲಿ ಗಾಳಿ ತಾನಾಗೇ ದಿಕ್ಕು ಬದಲಾಯಿಸುತ್ತೆ. ಒಂದು ಮೂಲೆ ಕೆಲವು ವರ್ಷ ಜಾಸ್ತಿ ಕಾಯುತ್ತೆ, ಕೆಲವು ವರ್ಷ ತಣ್ಣಗಾಗುತ್ತೆ. ಅದು ಅದರ ಸ್ವಭಾವ. ಒಟ್ಟು ಬಿಸಿ ಏರೋದು ಅದಕ್ಕೆ ನಿಲ್ಲಲ್ಲ."
ಮನೆ ತುಂಬ ಮಕ್ಕಳ ಜ್ವರ ಕಂಡವಳು ನಾನು. ಇಷ್ಟು ತಿಳಿಯಲಿಲ್ಲವೇ? ನಾಲಿಗೆಗೆ ಎಲುಬಿಲ್ಲ, ಸರಿ — ಕಿವಿ ಎಲ್ಲಿ ಹೋಗಿತ್ತು?

ಮಾರ್ಚ್ ೨೩
ಊಟಕ್ಕೆ ಕೂತರೆ "ಉಪ್ಪು ಸಾಕಾ?" ಅಷ್ಟೇ. ಹಿಮದ ಸುದ್ದಿ ನನ್ನ ಮುಂದೆ ಎತ್ತುವುದಿಲ್ಲ. ಫೋನಿನಲ್ಲಿ ಗೆಳತಿಗೆ ಹೇಳುತ್ತಾಳೆ — ಬಾಗಿಲು ಹಾಕಿಕೊಂಡು.
ತಡೆಯಲಾಗದೆ ದರ್ಜಿ ಅಂಗಡಿಗೆ ಹೋದೆ. ಎಲ್ಲರ ಮುಂದೆ ಹೇಳಿದೆ. "ನಾನು ಕೇಳಿದ್ದು ಅರ್ಧ, ಮಿಕ್ಕಿದ್ದು ಗೊರಕೆ. ತಪ್ಪು ನನ್ನದು, ಹುಡುಗೀದಲ್ಲ."
"ನಿಮ್ಮ ನಾಲಿಗೆ ನನ್ನ ಕತ್ತರಿಗಿಂತ ಹರಿತ ಅಂದ್ಕೊಂಡಿದ್ದೆ, ಅಜ್ಜಿ."
"ಹರಿತಾನೇ. ಈ ಸಲ ಮನೆಯೋರನ್ನೇ ಕೊಯ್ತು."
ಯಾರೂ ನಗಲಿಲ್ಲ. ಎದೆಯೂ ಹಗುರಾಗಲಿಲ್ಲ.

ಮಾರ್ಚ್ ೨೪, ಸಂಜೆ
ಕಾಲೇಜಿನಿಂದ ಬಂದಳು. "ಅಜ್ಜಿ, ಇವತ್ತು..." ಎಂದವಳು ನನ್ನ ಮುಖ ನೋಡಿ, "ಏನಿಲ್ಲ ಬಿಡು" ಎಂದಳು. ಕಪಾಳಕ್ಕೆ ಹೊಡೆದಂತಾಯಿತು.
"ಹೇಳೇ. ಪೂರ್ತಿ ಹೇಳು. ತೂಕಡಿಸಿದ್ರೆ ಚಿವುಟು."
ಬಾಗಿಲ ಹತ್ತಿರವೇ ನಿಂತಿದ್ದಾಳೆ. ಬ್ಯಾಗು ಕೆಳಗಿಡುತ್ತಿದ್ದಾಳೆ... ಕುರ್ಚಿ ಎಳೆದುಕೊಂಡಳು. ಬರೆಯುತ್ತಾ ಕೇಳಿದರೆ ಮತ್ತೆ ಅರ್ಧವೇ —